ಏಡ್ಸ್ ಎಲ್ಲಿಂದ ಬಂತು, ಹೇಗೆ ತಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಕಾಲೇಜು, ಹಾಸ್ಟೆಲ್, ಲಾರಿ ತಂಗುದಾಣ, ಸ್ವಸಹಾಯ ಸಂಘಗಳಲ್ಲಿ ಎಚ್‌ಐವಿ ಬಗ್ಗೆ ಮಾತನಾಡುತ್ತ ಹಲವು ವರ್ಷ ಕಳೆದಿದ್ದೇನೆ. ಸಭೆಯಲ್ಲಿ ಯಾರೂ ಕೈ ಎತ್ತುವುದಿಲ್ಲ. ಸಭೆ ಮುಗಿದು ಚಹಾ ಕುಡಿಯುವಾಗ ಒಬ್ಬೊಬ್ಬರಾಗಿ ಹತ್ತಿರ ಬರುತ್ತಾರೆ. ಕೆಲವರು ವಾರ ಕಳೆದ ಮೇಲೆ ಹೆಸರಿಲ್ಲದ ಪತ್ರ ಬರೆಯುತ್ತಾರೆ. ಹಾಗೆ ಬಂದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕೇಳಿಸಿದವನ್ನು ಇಲ್ಲಿ ಕೂಡಿಸಿದ್ದೇನೆ.

"ಇದು ಎಲ್ಲಿಂದ ಬಂತು?" ಎಂದು ಕೇಳುವವರ ಮನಸ್ಸಿನಲ್ಲಿ ಬಹಳ ಸಲ "ಇದು ಯಾರ ತಪ್ಪು?" ಎಂಬ ಇನ್ನೊಂದು ಪ್ರಶ್ನೆ ಕುಳಿತಿರುತ್ತದೆ. ತಪ್ಪು ಹೊರಿಸಲು ಯಾರಾದರೂ ಸಿಕ್ಕರೆ, ನನಗೆ ಇದು ಬರುವುದಿಲ್ಲ ಎಂಬ ಧೈರ್ಯ ಬರುತ್ತದೆ. ಆ ಧೈರ್ಯದಲ್ಲೇ ಪರೀಕ್ಷೆ ಮಾಡಿಸದೆ ಉಳಿದು, ತೀರ ತಡವಾಗಿ ಆಸ್ಪತ್ರೆ ಸೇರಿದವರನ್ನು ನಾನು ನೋಡಿದ್ದೇನೆ. ಆದ್ದರಿಂದ ಮೂಲದ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ಬರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಎಚ್‌ಐವಿ ಅಂದರೂ ಏಡ್ಸ್ ಅಂದರೂ ಒಂದೇ ಅಲ್ಲವೇ?

ಎರಡೂ ಬೇರೆ. ಎಚ್‌ಐವಿ ಒಂದು ವೈರಾಣು. ಅದು ದೇಹದ ಕಾವಲಿಗಿರುವ ಸಿಡಿ4 ಎಂಬ ಬಿಳಿರಕ್ತಕಣಗಳ ಒಳಹೊಕ್ಕು, ಅಲ್ಲೇ ತನ್ನ ಪ್ರತಿಗಳನ್ನು ಹೆಚ್ಚಿಸಿಕೊಂಡು ಅವನ್ನು ನಾಶಮಾಡುತ್ತದೆ. ಚಿಕಿತ್ಸೆಯಿಲ್ಲದೆ ಎಂಟು ಹತ್ತು ವರ್ಷ ಕಳೆದಾಗ ಕಾವಲು ಕುಸಿದು ಕ್ಷಯ, ನ್ಯುಮೋನಿಯಾ, ಬಾಯಿಹುಣ್ಣು, ನಿಲ್ಲದ ಭೇದಿ ಒಂದರ ಹಿಂದೆ ಒಂದು ಬರುತ್ತವೆ. ಆ ಕೊನೆಯ ಹಂತದ ಹೆಸರು ಏಡ್ಸ್. ಸಮಯಕ್ಕೆ ಸರಿಯಾಗಿ ಮಾತ್ರೆ ಆರಂಭಿಸಿದವರು ಎಚ್‌ಐವಿ ಇದ್ದೂ ಏಡ್ಸ್ ಹಂತ ತಲುಪದೆ ತುಂಬು ಆಯುಷ್ಯ ಬದುಕುತ್ತಾರೆ.

ಸೋಂಕಿತರ ಜೊತೆ ಒಂದೇ ತಾಟಿನಲ್ಲಿ ಉಂಡರೆ ಬರುತ್ತದೆಯೇ? ಸೊಳ್ಳೆ ಕಚ್ಚಿದರೆ?

ಬರುವುದಿಲ್ಲ. ಒಂದೇ ತಾಟು, ಒಂದೇ ಹಾಸಿಗೆ, ಒಂದೇ ಶೌಚಾಲಯ, ಕೆಮ್ಮು, ಕಣ್ಣೀರು, ಬೆವರು ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಸೊಳ್ಳೆಯ ಮಾತು ಹೀಗೆ: ಕಚ್ಚುವಾಗ ಅದು ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಮೊದಲು ಹೀರಿದವರ ರಕ್ತವನ್ನಲ್ಲ. ಮಲೇರಿಯಾದ ಪರಾವಲಂಬಿ ಸೊಳ್ಳೆಯ ದೇಹದಲ್ಲಿ ಬೆಳೆಯಬಲ್ಲದು. ಎಚ್‌ಐವಿ ಅಲ್ಲಿ ಜೀರ್ಣವಾಗಿ ಹೋಗುತ್ತದೆ. ಸೊಳ್ಳೆಯಿಂದ ಹರಡುವಂತಿದ್ದರೆ ಮನೆಮನೆಯ ಚಿಕ್ಕ ಮಕ್ಕಳಲ್ಲೂ ಅಜ್ಜಿಯರಲ್ಲೂ ಅದು ಕಾಣಬೇಕಿತ್ತು.

ಹರಡುವ ದಾರಿಗಳು ನಾಲ್ಕೇ: ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ, ಮತ್ತು ಬಸಿರು, ಹೆರಿಗೆ, ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ.

ನಮ್ಮ ಮನೆತನದಲ್ಲಿ ಅಂಥವರು ಯಾರೂ ಇಲ್ಲ. ನಾನೇಕೆ ಪರೀಕ್ಷೆ ಮಾಡಿಸಬೇಕು?

"ಅಂಥವರು" ಎಂಬ ಈ ಒಂದು ಪದ ಎಷ್ಟು ಹೆಂಗಸರ ಬದುಕನ್ನು ಹಾಳುಮಾಡಿದೆಯೋ ಲೆಕ್ಕವಿಲ್ಲ. ನಾನು ಕಂಡ ಸೋಂಕಿತ ಮಹಿಳೆಯರಲ್ಲಿ ಹೆಚ್ಚಿನವರು ಗಂಡನನ್ನು ಬಿಟ್ಟು ಬೇರೆಯವರ ಮುಖ ನೋಡಿದವರಲ್ಲ. ಒಬ್ಬಾಕೆ ಬ್ಯಾಡಗಿಯ ಕಡೆಯವಳು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ, ಎರಡನೆಯ ಮಗುವಿನ ಜ್ವರ ಇಳಿಯದಿದ್ದಾಗ ಅವಳಿಗೆ ವಿಷಯ ಗೊತ್ತಾಯಿತು. ವೈರಾಣು ಮನೆತನ ಕೇಳಿಕೊಂಡು ಬರುವುದಿಲ್ಲ. ಭಾರತದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ನೋಡಿದರೆ ಗುರುತಿಸಲು ಯಾರಿಂದಲೂ ಆಗದು.

ಪರೀಕ್ಷೆಗೆ ಎಲ್ಲಿಗೆ ಹೋಗಬೇಕು? ಊರಲ್ಲಿ ಗೊತ್ತಾಗುತ್ತದೆಯೇ?

ಹುಬ್ಬಳ್ಳಿಯ ಕಿಮ್ಸ್, ಧಾರವಾಡ, ಗದಗ, ಹಾವೇರಿಯ ಸರ್ಕಾರಿ ದೊಡ್ಡಾಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಿವೆ. ಪರೀಕ್ಷೆ ಉಚಿತ. ಮೊದಲು ಸಮಾಲೋಚಕರು ಮಾತನಾಡಿಸಿ, ಒಪ್ಪಿಗೆ ಪಡೆದು, ನಂತರ ರಕ್ತ ತೆಗೆಯುತ್ತಾರೆ. ಮೊದಲ ಕಿಟ್‌ನಲ್ಲಿ ಸೋಂಕು ಕಂಡರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡಿದ ಮೇಲೆಯೇ ವರದಿ ಕೊಡುತ್ತಾರೆ. ವರದಿ ನಿಮ್ಮ ಕೈಗೆ ಮಾತ್ರ. ಸ್ವಂತ ಊರಿನ ಆಸ್ಪತ್ರೆ ಬೇಡವೆನಿಸಿದರೆ ಪಕ್ಕದ ಜಿಲ್ಲೆಯದಕ್ಕೆ ಹೋಗಿ, ಯಾರೂ ತಡೆಯುವುದಿಲ್ಲ. ಹೋಗುವ ಮೊದಲು ಮಾತನಾಡಬೇಕೆಂದರೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಂದು ಎಚ್ಚರಿಕೆ: ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಪರೀಕ್ಷೆ ಹುಡುಕುವುದು ವೈರಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಮೂಡಲು ಕೆಲವು ವಾರಗಳಿಂದ ಮೂರು ತಿಂಗಳು ಬೇಕು. ಇದಕ್ಕೆ ಗವಾಕ್ಷಿ ಅವಧಿ ಎನ್ನುತ್ತಾರೆ. ಅನುಮಾನವಿದ್ದರೆ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿಕೊಳ್ಳಿ.

## ಮೂಲದ ಬಗ್ಗೆ

ಯಾವನೋ ಮಂಗನ ಜೊತೆ ಕೆಟ್ಟ ಕೆಲಸ ಮಾಡಿದ್ದರಿಂದ ಬಂತಂತೆ, ನಿಜವೇ ಅಕ್ಕಾ?

ಹಾಸ್ಟೆಲ್ ಹುಡುಗರು ನಗುತ್ತ, ತಲೆ ತಗ್ಗಿಸಿಕೊಂಡು ಕೇಳುವ ಪ್ರಶ್ನೆ ಇದು. ನಿಜವಲ್ಲ. ಎಚ್‌ಐವಿ-1ರ ಪೂರ್ವಜ ಆಫ್ರಿಕಾದ ಚಿಂಪಾಂಜಿಗಳಲ್ಲಿರುವ ಎಸ್‌ಐವಿ ಎಂಬ ವೈರಾಣು. ವಿಜ್ಞಾನಿ ಬಿಯಾಟ್ರಿಸ್ ಹಾನ್ ಅವರ ತಂಡ 1999ರಲ್ಲಿ ಈ ನಂಟನ್ನು ತೋರಿಸಿತು. 2006ರಲ್ಲಿ ಕಾಡಿನಲ್ಲಿ ಬಿದ್ದ ಚಿಂಪಾಂಜಿಗಳ ಸಗಣಿಯನ್ನೇ ಆಯ್ದು ಪರೀಕ್ಷಿಸಿ, ಜಗತ್ತಿನಾದ್ಯಂತ ಹರಡಿದ ತಳಿಗೆ ಅತಿ ಹತ್ತಿರದ ವೈರಾಣು ಕ್ಯಾಮರೂನ್ ದೇಶದ ಆಗ್ನೇಯ ಮೂಲೆಯಲ್ಲಿದೆ ಎಂದು ಕಂಡುಕೊಂಡರು. ಅಲ್ಲಿನ ಜನ ಮಾಂಸಕ್ಕಾಗಿ ಬೇಟೆಯಾಡುತ್ತಿದ್ದರು. ಸುಮಾರು ನೂರು ವರ್ಷದ ಹಿಂದೆ, ಕೊಯ್ಯುವಾಗ ಬೇಟೆಗಾರನ ಕೈಯ ಗಾಯಕ್ಕೆ ಪ್ರಾಣಿಯ ರಕ್ತ ತಾಗಿ ಸೋಂಕು ದಾಟಿತು ಎಂಬುದೇ ವಿಜ್ಞಾನಿಗಳು ಒಪ್ಪುವ ವಿವರಣೆ.

ಚಿಂಪಾಂಜಿಗೂ ಅದು ಬಂದದ್ದು ಹಾಗೆಯೇ. ಚಿಂಪಾಂಜಿಗಳು ಸಣ್ಣ ಕೋತಿಗಳನ್ನು ಬೇಟೆಯಾಡಿ ತಿನ್ನುತ್ತವೆ. ಚಿಂಪಾಂಜಿಗಳಲ್ಲಿರುವ ವೈರಾಣು ಎರಡು ಬಗೆಯ ಕೋತಿಗಳ ವೈರಾಣುಗಳ ಬೆರಕೆ. ಎಚ್‌ಐವಿ-2 ಎಂಬ ಇನ್ನೊಂದು ಬಗೆ ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬೆ ಎಂಬ ಕೋತಿಯಿಂದ ಬಂದದ್ದು. ಹೀಗೆ ಮನುಷ್ಯರಿಗೆ ದಾಟಿದ ಘಟನೆ ಒಂದಲ್ಲ, ಹಲವು. ಅವುಗಳಲ್ಲಿ ಒಂದು ಮಾತ್ರ ಲೋಕವನ್ನೆಲ್ಲ ವ್ಯಾಪಿಸಿತು.

ಹಾಗಾದರೆ ನಮ್ಮ ಮಂಗಗಳಿಂದಲೂ ಬರಬಹುದಲ್ಲ? ಮಂಗನ ಕಾಯಿಲೆ ಎಂದರೆ ಇದೇ ಅಲ್ಲವೇ?

ಹಾನಗಲ್ಲ, ಹಿರೇಕೆರೂರ ಕಡೆಯವರು ಇದನ್ನು ತಪ್ಪದೆ ಕೇಳುತ್ತಾರೆ. ಕಾರಣವೂ ಇದೆ: ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದು ಉಣ್ಣೆ ಕಚ್ಚುವುದರಿಂದ ಬರುವ ಜ್ವರ. ಎಚ್‌ಐವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಕೆಂಪು ಮೂತಿಯ ಮಂಗಗಳಲ್ಲಾಗಲಿ ಮುಸಿಯಗಳಲ್ಲಾಗಲಿ ಎಸ್‌ಐವಿ ಸಹಜವಾಗಿ ಇಲ್ಲ. ಆ ವೈರಾಣು ಆಫ್ರಿಕಾದ ಪ್ರಾಣಿಗಳದ್ದು.

ನೂರು ವರ್ಷದ ಹಿಂದೆ ದಾಟಿತು ಎಂದು ಹೇಗೆ ಹೇಳುತ್ತೀರಿ? ಆಗ ಯಾರು ನೋಡಿದ್ದರು?

ಧಾರವಾಡದಲ್ಲಿ ಹಸ್ತಪ್ರತಿ ಓದುವ ವಿದ್ವಾಂಸರನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಹಳೆಯ ಕಾವ್ಯದ ಹತ್ತು ತಾಳೆಗರಿ ಪ್ರತಿಗಳಿವೆ ಎನ್ನಿ. ಲಿಪಿಕಾರ ನಕಲು ಮಾಡುವಾಗ ಒಂದೆರಡು ಅಕ್ಷರ ತಪ್ಪುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವನು ಆ ತಪ್ಪನ್ನೂ ನಕಲಿಸಿ ತನ್ನದೊಂದನ್ನು ಸೇರಿಸುತ್ತಾನೆ. ತಪ್ಪುಗಳನ್ನು ಹೋಲಿಸಿದರೆ ಯಾವ ಪ್ರತಿ ಯಾವುದರ ಮಗು, ಯಾವುದರ ಮೊಮ್ಮಗು ಎಂಬ ವಂಶವೃಕ್ಷ ತಾನಾಗಿ ನಿಲ್ಲುತ್ತದೆ.

ವೈರಾಣುವೂ ನಕಲು ಮಾಡಿಕೊಂಡೇ ಬೆಳೆಯುತ್ತದೆ, ತಪ್ಪುತ್ತಲೇ ಬೆಳೆಯುತ್ತದೆ. ವರ್ಷಕ್ಕೆ ಸರಾಸರಿ ಎಷ್ಟು ತಪ್ಪು ಸೇರುತ್ತದೆ ಎಂಬ ಅಂದಾಜು ಸಿಕ್ಕಿದರೆ ಹಿಂದಕ್ಕೆ ಎಣಿಸಬಹುದು. ಮಧ್ಯ ಆಫ್ರಿಕಾದ ಕಾಂಗೊ ದೇಶದ ಇಂದಿನ ಕಿನ್ಶಾಸಾ ನಗರದಲ್ಲಿ 1959 ಮತ್ತು 1960ರಲ್ಲಿ ಬೇರೆ ಕಾರಣಕ್ಕೆ ತೆಗೆದಿಟ್ಟಿದ್ದ ಎರಡು ಮಾದರಿಗಳಲ್ಲಿ ಎಚ್‌ಐವಿ ಸಿಕ್ಕಿತು. ಅಷ್ಟು ಹೊತ್ತಿಗಾಗಲೇ ಅವೆರಡೂ ಒಂದಕ್ಕೊಂದು ತೀರ ದೂರವಾಗಿದ್ದವು, ದಾಯಾದಿಗಳಷ್ಟು ದೂರ. ಇವನ್ನೆಲ್ಲ ಇಟ್ಟುಕೊಂಡು 2008ರಲ್ಲಿ ಮೈಕೆಲ್ ವೊರೋಬಿಯವರ ತಂಡ ಲೆಕ್ಕ ಹಾಕಿ, ಮೂಲಪ್ರತಿಯ ಕಾಲ 1884ರಿಂದ 1924ರ ನಡುವೆ ಎಂದಿತು.

ಅಷ್ಟು ಹಳೆಯದಾದರೆ 1981ರವರೆಗೆ ಯಾರಿಗೂ ಏಕೆ ಗೊತ್ತಾಗಲಿಲ್ಲ?

ರೈಲ್ವೆ ಜಂಕ್ಷನ್ ಎಂದರೇನೆಂದು ಹುಬ್ಬಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ನಾಲ್ಕು ದಿಕ್ಕಿನಿಂದ ಜನ ಬರುತ್ತಾರೆ, ನಾಲ್ಕು ದಿಕ್ಕಿಗೆ ಹೋಗುತ್ತಾರೆ. ಕ್ಯಾಮರೂನಿನ ಕಾಡಿನಿಂದ ನದಿಯ ದಾರಿಯಲ್ಲಿ ವೈರಾಣು ತಲುಪಿದ್ದು ಬೆಲ್ಜಿಯನ್ನರ ಆಳ್ವಿಕೆಯಲ್ಲಿ ಬೆಳೆಯುತ್ತಿದ್ದ ಕಿನ್ಶಾಸಾಕ್ಕೆ. 2014ರ ಅಧ್ಯಯನದ ಪ್ರಕಾರ ಜಾಗತಿಕ ಪಿಡುಗು ಸುಮಾರು 1920ರ ಹೊತ್ತಿಗೆ ಅಲ್ಲಿ ಬೇರೂರಿತು. 1940ರ ದಶಕದ ಕೊನೆಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಆ ನಗರದ ಮೂಲಕ ರೈಲಿನಲ್ಲಿ ಓಡಾಡುತ್ತಿದ್ದರು. ಕೂಲಿಗೆ ಗಂಡಸರನ್ನು ಮಾತ್ರ ಕರೆತಂದ ಗಣಿ ಪಟ್ಟಣಗಳು, ಅವುಗಳ ಸುತ್ತ ಬೆಳೆದ ವೇಶ್ಯಾವಾಟಿಕೆಗಳು, ನಿದ್ರಾರೋಗದಂಥ ಕಾಯಿಲೆಗಳಿಗೆ ಒಂದೇ ಸಿರಿಂಜಿನಿಂದ ಸಾಲುಸಾಲಾಗಿ ಚುಚ್ಚಿದ ಚಿಕಿತ್ಸಾ ಶಿಬಿರಗಳು: ಇವೆಲ್ಲ ಸೇರಿ ಅದನ್ನು ಬೆಳೆಸಿರಬೇಕು ಎಂದು ಹಲವು ಸಂಶೋಧಕರು ಭಾವಿಸುತ್ತಾರೆ. ನನ್ನ ಮನಸ್ಸನ್ನು ಬಹಳ ಕಲಕುವ ಭಾಗ ಇದು. ಕಾಡಿನ ಒಂದು ಗಾಯ ಲೋಕದ ಪಿಡುಗಾದದ್ದು ಜನರನ್ನು ಮನೆಯಿಂದ ಕಿತ್ತು ಕೂಲಿಗೆ ದೂಡಿದ ವ್ಯವಸ್ಥೆಯಿಂದ.

ಬಡವರು ಸಾಯುತ್ತಿದ್ದರು, ಆದರೆ ಕ್ಷಯ, ಭೇದಿ ಎಂದು ದಾಖಲಾಗುತ್ತಿತ್ತು. 1981ರ ಜೂನ್ 5ರಂದು ಅಮೆರಿಕದ ಒಂದು ಆರೋಗ್ಯ ವರದಿಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾ ಸುದ್ದಿ ಬಂತು, ಆಗ ಲೋಕ ತಿರುಗಿ ನೋಡಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನಿಯೆ ವೈರಾಣುವನ್ನು ಬೇರ್ಪಡಿಸಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಂತು.

ಭಾರತಕ್ಕೆ ಯಾರು ತಂದರು?

ಒಬ್ಬ ವ್ಯಕ್ತಿಯ ಕಡೆ ಬೆರಳು ತೋರಿಸಲು ಆಗದು. ನಮ್ಮಲ್ಲಿ ಹೆಚ್ಚಾಗಿರುವ, ಎಚ್‌ಐವಿಯ ಸಿ ಎಂಬ ಉಪಬಗೆ ದಕ್ಷಿಣ ಆಫ್ರಿಕಾ ಭಾಗದಲ್ಲಿ ವ್ಯಾಪಕವಾಗಿರುವ ತಳಿಯ ಬಂಧು. ಇಲ್ಲಿ ಅದು ಇದೆಯೆಂದು 1986ರಲ್ಲಿ ತೋರಿಸಿದವರು ಚೆನ್ನೈನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ. ನಮ್ಮ ದೇಶಕ್ಕೆ ಈ ರೋಗ ಬರುವುದೇ ಇಲ್ಲ ಎಂದು ದೊಡ್ಡವರೆಲ್ಲ ಹೇಳುತ್ತಿದ್ದ ಕಾಲದಲ್ಲಿ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರಿಂದ ರಕ್ತದ ಮಾದರಿ ಪಡೆದು, ಪರೀಕ್ಷೆಗೆ ವೆಲ್ಲೂರಿಗೆ ಒಯ್ದರು. ಆ ಮಹಿಳೆಯರು ರೋಗ ತಂದವರಲ್ಲ, ರೋಗ ತಗುಲಿಸಿಕೊಂಡವರು. ಅವರ ರಕ್ತದಿಂದಲೇ ದೇಶಕ್ಕೆ ಎಚ್ಚರಿಕೆ ಸಿಕ್ಕಿತು.

ಅಮೆರಿಕದವರು ಪ್ರಯೋಗಾಲಯದಲ್ಲಿ ತಯಾರಿಸಿ ಬಿಟ್ಟರು ಎಂದು ನಮ್ಮ ಮಾವ ಹೇಳುತ್ತಾರೆ. ಪೇಪರಿನಲ್ಲೇ ಓದಿದ್ದರಂತೆ.

ನಿಮ್ಮ ಮಾವ ಸುಳ್ಳು ಹೇಳುತ್ತಿಲ್ಲ, ಓದಿರಲೂಬಹುದು. 1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಹೆಸರಿಲ್ಲದ ಅಮೆರಿಕನ್ ವಿಜ್ಞಾನಿಯದೆಂಬ ಪತ್ರವೊಂದು ಅಚ್ಚಾಯಿತು. ಅಮೆರಿಕದ ಸೇನೆಯೇ ಏಡ್ಸ್ ಸೃಷ್ಟಿಸಿತು ಎಂದು ಅದರಲ್ಲಿತ್ತು. ಅದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಹೆಣೆದ ಸುಳ್ಳು. 1985ರಿಂದ ಸೋವಿಯತ್ ಪತ್ರಿಕೆಗಳು ಅದನ್ನೇ ಎತ್ತಿಕೊಂಡು ಹತ್ತಾರು ದೇಶಗಳಿಗೆ ಹರಡಿದವು. 1992ರಲ್ಲಿ ರಷ್ಯಾದ ಗುಪ್ತಚರ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಇದು ತಮ್ಮವರ ಕೆಲಸವೆಂದು ಒಪ್ಪಿಕೊಂಡರು. ಒಪ್ಪಿಕೊಳ್ಳದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ: ಜೀನುಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆ ಹುಟ್ಟಿದ್ದು 1970ರ ದಶಕದಲ್ಲಿ, ವೈರಾಣು 1959ರ ರಕ್ತದಲ್ಲಿದೆ.

ಪೋಲಿಯೊ ಲಸಿಕೆಯಿಂದ ಏಡ್ಸ್ ಹುಟ್ಟಿತೆಂದು ಕೇಳಿದೆ. ಮೊಮ್ಮಗುವಿಗೆ ಹನಿ ಹಾಕಿಸಲೋ ಬೇಡವೋ?

ಹಾಕಿಸಿ. 1957ರಿಂದ 1960ರ ನಡುವೆ ಕಾಂಗೊ ಭಾಗದಲ್ಲಿ ಕೊಟ್ಟ ಒಂದು ಪ್ರಾಯೋಗಿಕ ಪೋಲಿಯೊ ಲಸಿಕೆಯನ್ನು ಚಿಂಪಾಂಜಿ ಜೀವಕೋಶಗಳಲ್ಲಿ ಬೆಳೆಸಿದ್ದರು, ಅದರಿಂದ ವೈರಾಣು ದಾಟಿತು ಎಂಬ ವಾದ 1990ರ ದಶಕದಲ್ಲಿ ಎದ್ದಿತು. ಇದನ್ನು ವಿಜ್ಞಾನಿಗಳು ಗಂಭೀರವಾಗಿಯೇ ತೆಗೆದುಕೊಂಡರು, ಅದು ನನಗೆ ಮೆಚ್ಚುಗೆಯಾದ ಸಂಗತಿ. ಶೀತಪೆಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಲಸಿಕೆಯನ್ನು ತೆಗೆದು ಪರೀಕ್ಷಿಸಿದರು: ಚಿಂಪಾಂಜಿಯ ಕುರುಹೂ ಇಲ್ಲ, ಎಚ್‌ಐವಿಯೂ ಇಲ್ಲ. ವಾದದಲ್ಲಿ ಹೆಸರಿಸಿದ ಕಿಸಾಂಗಾನಿ ಪ್ರದೇಶದ ಚಿಂಪಾಂಜಿಗಳ ವೈರಾಣು ಬೇರೆಯೇ ಶಾಖೆಯದು ಎಂದು 2004ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಅದು ಬೇರೂರಿದ್ದು ಆ ಲಸಿಕೆಗಿಂತ ದಶಕಗಳ ಮೊದಲು.

ಇದು ಕರ್ಮದ ಫಲ, ದೇವರ ಶಿಕ್ಷೆ ಅಲ್ಲವೇ?

ಹುಟ್ಟುವಾಗಲೇ ಸೋಂಕು ಪಡೆದ ಮಗುವಿನ ಕರ್ಮ ಯಾವುದು? ಈ ಮಾತನ್ನು ಯಾರ ಮುಂದೆಯೂ ಆಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಎಚ್‌ಐವಿಯಿಂದ ಏಡ್ಸ್ ಬರುವುದಿಲ್ಲ, ಮಾತ್ರೆಗಳೇ ವಿಷ ಎನ್ನುವ ವಿಜ್ಞಾನಿಗಳೂ ಇದ್ದಾರಂತೆ.

ಇದ್ದರು. 1987ರಿಂದ ಪೀಟರ್ ಡ್ಯೂಸ್ಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಹಾಗೆ ವಾದಿಸಿದರು. ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ ಅಂಥ ಮಾತಿಗೆ ಕಿವಿಗೊಟ್ಟು ಔಷಧ ಕೊಡುವುದನ್ನು ತಡಮಾಡಿದರು. 2000ದಿಂದ 2005ರ ನಡುವೆ ಇದರಿಂದ 3.3 ಲಕ್ಷಕ್ಕೂ ಹೆಚ್ಚು ಜೀವ ಹೋದವೆಂದು ಹಾರ್ವರ್ಡ್ ಸಂಶೋಧಕರು ಅಂದಾಜಿಸಿದ್ದಾರೆ. ಮೂಲದ ಬಗ್ಗೆ ತಪ್ಪು ತಿಳಿವಳಿಕೆ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ನನ್ನಲ್ಲಿಲ್ಲ.

## ತಡೆಯುವ ಬಗ್ಗೆ

ಕಾಂಡೋಮ್ ಹರಿಯಿತು. ಈಗ ಏನು ಮಾಡಲಿ?

ಓದುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. 72 ಗಂಟೆಗಳೊಳಗೆ ಔಷಧ ಆರಂಭಿಸಿ 28 ದಿನ ತೆಗೆದುಕೊಂಡರೆ ಸೋಂಕು ನೆಲೆಯೂರದಂತೆ ತಡೆಯಬಹುದು. ಇದಕ್ಕೆ ಪಿಇಪಿ ಎನ್ನುತ್ತಾರೆ. ಮೊದಲ ಕೆಲವು ಗಂಟೆಗಳಲ್ಲೇ ಆರಂಭಿಸಿದರೆ ಅತ್ಯುತ್ತಮ, ಆದ್ದರಿಂದ ಮೂರನೆಯ ದಿನದವರೆಗೆ ಕಾಯಬೇಡಿ. ಸೂಜಿ ಚುಚ್ಚಿಕೊಂಡ ನರ್ಸ್, ಪೌರಕಾರ್ಮಿಕರು, ಅತ್ಯಾಚಾರಕ್ಕೊಳಗಾದವರು, ಎಲ್ಲರಿಗೂ ಇದೇ ಮಾತು. ನಾಚಿಕೆಪಡುತ್ತ ನಾಲ್ಕು ದಿನ ಕಳೆದು ಬಂದ ಹುಡುಗನೊಬ್ಬನ ಮುಖ ನನಗೆ ಇನ್ನೂ ನೆನಪಿದೆ.

ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡರೆ? ಕ್ಷೌರದಂಗಡಿಯ ಬ್ಲೇಡಿನಿಂದ? ಹಳ್ಳಿ ಡಾಕ್ಟರ ಸೂಜಿಯಿಂದ?

ಇವು ಮೂರೂ ಒಂದೇ ತೂಕದವಲ್ಲ. ಕ್ಷೌರದ ಬ್ಲೇಡಿನಿಂದ ಎಚ್‌ಐವಿ ಬರುವ ಸಾಧ್ಯತೆ ತೀರ ಕಡಿಮೆ. ಆದರೂ ಹೊಸ ಬ್ಲೇಡ್ ಕೇಳಿ ಹಾಕಿಸಿಕೊಳ್ಳಿ. ಹಚ್ಚೆಯ ಸೂಜಿ ಒಬ್ಬರಿಂದ ಒಬ್ಬರಿಗೆ ತೊಳೆಯದೆ ಹೋಗುತ್ತಿದ್ದರೆ ಬೇಡ. ಸಿರಿಂಜು ಮಾತ್ರ ನಿಜವಾದ ಅಪಾಯ, ಏಕೆಂದರೆ ಅದರ ಕೊಳವೆಯೊಳಗೆ ರಕ್ತ ಉಳಿಯುತ್ತದೆ. ಪಾಕಿಸ್ತಾನದ ರತೋದೇರೊ ಎಂಬ ಊರಿನಲ್ಲಿ 2019ರಲ್ಲಿ ನೂರಾರು ಮಂದಿಗೆ ಸೋಂಕು ಕಂಡಿತು, ಹೆಚ್ಚಿನವರು ಪುಟ್ಟ ಮಕ್ಕಳು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದು ಮುಖ್ಯ ಕಾರಣವಾಗಿತ್ತು. ಜ್ವರಕ್ಕೆ ಸೂಜಿ ಚುಚ್ಚಿಸಿಕೊಂಡರೇ ಸಮಾಧಾನ ಎನ್ನುವ ರೂಢಿಯನ್ನು ನಾವು ಬಿಡಬೇಕು. ಚುಚ್ಚಲೇಬೇಕೆಂದರೆ ಹೊಸ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಲು ಹೇಳಿ.

ಆಸ್ಪತ್ರೆಯಲ್ಲಿ ರಕ್ತ ಏರಿಸಿಕೊಳ್ಳಲು ಹೆದರುವವರಿಗೆ ಒಂದು ಮಾತು: 1989ರಿಂದ ಭಾರತದಲ್ಲಿ ದಾನದ ರಕ್ತವನ್ನು ಎಚ್‌ಐವಿಗಾಗಿ ಪರೀಕ್ಷಿಸುವುದು ಕಡ್ಡಾಯ.

ನಾನು ಬಸುರಿ, ವರದಿ ಪಾಸಿಟಿವ್ ಬಂದಿದೆ. ಮಗುವಿನ ಗತಿ ಏನು?

ತಂಗಿ, ಮೊದಲು ಉಸಿರು ಬಿಡು. ಚಿಕಿತ್ಸೆಯೇ ಇಲ್ಲದಿದ್ದರೆ ಮಗುವಿಗೆ ದಾಟುವ ಸಾಧ್ಯತೆ ಶೇಕಡಾ 15ರಿಂದ 45ರವರೆಗೆ ಇದೆ. ತಾಯಿ ಇಂದೇ ಮಾತ್ರೆ ಆರಂಭಿಸಿ ತಪ್ಪದೆ ನುಂಗಿದರೆ, ಹುಟ್ಟಿದ ಮಗುವಿಗೂ ಕೆಲವು ವಾರ ಔಷಧ ಕೊಟ್ಟರೆ ಅದು ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಮಗುವಿಗೆ ಆರು ವಾರವಾದಾಗ ಮೊದಲ ಪರೀಕ್ಷೆ, ಹದಿನೆಂಟು ತಿಂಗಳಿಗೆ ಖಚಿತವಾದ ಉತ್ತರ. ಎದೆಹಾಲಿನ ವಿಷಯವನ್ನು ಅತ್ತೆಯ ಮಾತಿನಂತೆ ತೀರ್ಮಾನಿಸದೆ ವೈದ್ಯರೊಂದಿಗೆ ಮಾತನಾಡು. ಈ ಭಾಗದಲ್ಲಿ ಅಂಥ ಅಮ್ಮಂದಿರ ಆರೋಗ್ಯವಂತ ಮಕ್ಕಳು ಇಂದು ಶಾಲೆಗೆ ಹೋಗುತ್ತಿದ್ದಾರೆ.

ಗಂಡನಿಗೆ ಸೋಂಕಿದೆ, ನನಗಿಲ್ಲ. ಕೂಡಿ ಬಾಳಬಹುದೇ?

ಬಾಳಬಹುದು. ದಿನಾ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ದಾಟುವುದಿಲ್ಲ. ಯುರೋಪಿನಲ್ಲಿ ಇಂಥ ನೂರಾರು ಜೋಡಿಗಳನ್ನು ಗಮನಿಸಿ 2016 ಮತ್ತು 2019ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಸಂಗಾತಿಯಿಂದ ದಾಟಿದ ಒಂದು ಪ್ರಕರಣವೂ ಸಿಗಲಿಲ್ಲ. ಪರೀಕ್ಷೆಯ ಫಲ ಖಚಿತವಾಗುವವರೆಗೆ ಕಾಂಡೋಮ್ ಬಿಡಬೇಡಿ. ಮಗು ಬೇಕೆಂದರೆ, ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳಿ, ಅದಕ್ಕೂ ದಾರಿಯಿದೆ.

ದುಡಿಯಲು ಗೋವೆಗೆ ಗುಳೆ ಹೋಗುತ್ತೇವೆ. ಮಾತ್ರೆ ತಪ್ಪಿದರೆ ಏನಾಗುತ್ತದೆ?

ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಹಳ ಬರುವ ಪ್ರಶ್ನೆ. ಮಾತ್ರೆ ಬಿಟ್ಟುಬಿಟ್ಟು ನುಂಗಿದರೆ ವೈರಾಣು ಔಷಧಕ್ಕೆ ಪಳಗಿಬಿಡುತ್ತದೆ, ಆಮೇಲೆ ಅದೇ ಮಾತ್ರೆ ನಾಟುವುದಿಲ್ಲ. ಹೊರಡುವ ಮೊದಲು ನಿಮ್ಮ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ಹೆಚ್ಚು ದಿನದ ಮಾತ್ರೆ ಕೇಳಿ, ಇಲ್ಲವೇ ಹೋಗುವ ಊರಿನ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಿ. 2004ರಿಂದ ಸರ್ಕಾರ ಈ ಔಷಧವನ್ನು ಉಚಿತವಾಗಿ ಕೊಡುತ್ತಿದೆ, ಈಗ ಎಲ್ಲ ರಾಜ್ಯಗಳಲ್ಲೂ ಸಿಗುತ್ತದೆ.

## ಇನ್ನೂ ತಿಳಿಯಬೇಕೆನ್ನುವವರಿಗೆ

ಗಿಡಮೂಲಿಕೆಯಿಂದ ಪೂರ್ತಿ ಗುಣಪಡಿಸುತ್ತೇವೆ ಎನ್ನುತ್ತಾರಲ್ಲ?

ಏಡ್ಸ್ ಗುಣಪಡಿಸುತ್ತೇವೆಂದು ಔಷಧ ಮಾರುವುದು ನಮ್ಮ ಔಷಧ ನಿಯಮಗಳಲ್ಲೇ ನಿಷಿದ್ಧ. ಎಮ್ಮೆ ಮಾರಿ ಅಂಥವರಿಗೆ ದುಡ್ಡು ಕೊಟ್ಟ ಕುಟುಂಬ ನನಗೆ ಗೊತ್ತು. ಆ ಮನೆಯ ಯಜಮಾನ ಉಚಿತ ಮಾತ್ರೆ ಬಿಟ್ಟು ಎಂಟು ತಿಂಗಳಲ್ಲಿ ತೀರಿಕೊಂಡ.

ಕೊರೊನಾ ಲಸಿಕೆ ಒಂದು ವರ್ಷದಲ್ಲಿ ಬಂತು. ಇದಕ್ಕೇಕೆ ಇಲ್ಲ?

ನಕಲು ಮಾಡುವಾಗಿನ ತಪ್ಪುಗಳ ಮಾತು ಮೇಲೆ ಬಂತಲ್ಲ, ಅದೇ ಕಾರಣ. ಒಬ್ಬನ ದೇಹದಲ್ಲೇ ವೈರಾಣು ಸಾವಿರಾರು ರೂಪ ತಾಳುತ್ತದೆ. ಒಂದು ರೂಪಕ್ಕೆ ತಯಾರಾದ ಪ್ರತಿಕಾಯ ಇನ್ನೊಂದನ್ನು ಹಿಡಿಯುವುದಿಲ್ಲ. ಮೇಲಾಗಿ ಅದು ನಮ್ಮ ಜೀವಕೋಶದ ವರ್ಣತಂತುವಿನೊಳಗೇ ತನ್ನನ್ನು ಹೆಣೆದುಕೊಂಡು ಅಡಗುತ್ತದೆ. ಥಾಯ್ಲೆಂಡಿನ ಪ್ರಯೋಗವೊಂದು 2009ರಲ್ಲಿ ಶೇಕಡಾ 31ರಷ್ಟು ರಕ್ಷಣೆ ತೋರಿಸಿತು, ಬಳಕೆಗೆ ಅದು ಸಾಲದು. ಅನಂತರದ ದೊಡ್ಡ ಪ್ರಯೋಗಗಳು ಫಲ ಕೊಡಲಿಲ್ಲ.

ಆದರೆ ಸೋಂಕಿಲ್ಲದವರು ಮುಂಚಿತವಾಗಿಯೇ ತೆಗೆದುಕೊಳ್ಳುವ ಔಷಧವಿದೆ, ಹೆಸರು ಪ್ರೆಪ್. ದಿನದ ಮಾತ್ರೆಯ ರೂಪದಲ್ಲಿ ವೈದ್ಯರ ಚೀಟಿಯ ಮೇಲೆ ನಮ್ಮ ದೇಶದಲ್ಲೂ ಸಿಗುತ್ತದೆ. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಲೆನಕಪವಿರ್‌ಗೆ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಒಬ್ಬರಾದರೂ ಪೂರ್ತಿ ಗುಣವಾದದ್ದುಂಟೇ?

ಉಂಟು, ಬೆರಳೆಣಿಕೆಯಷ್ಟು. ಮೊದಲಿಗರು ಟಿಮೊತಿ ರೇ ಬ್ರೌನ್. ರಕ್ತದ ಕ್ಯಾನ್ಸರಿಗಾಗಿ 2007ರಲ್ಲಿ ಬರ್ಲಿನ್‌ನಲ್ಲಿ ಅವರಿಗೆ ಮೂಲಕೋಶ ಕಸಿ ಮಾಡಿದರು. ದಾನಿಯ ಜೀವಕೋಶಗಳಲ್ಲಿ ಎಚ್‌ಐವಿ ಒಳಹೋಗುವ ಸಿಸಿಆರ್5 ಎಂಬ ಬಾಗಿಲು ಹುಟ್ಟಿನಿಂದಲೇ ಇರಲಿಲ್ಲ. ಈ ಕಸಿ ಪ್ರಾಣಕ್ಕೇ ಅಪಾಯ ತರುವಂಥದ್ದು. ಕ್ಯಾನ್ಸರ್ ಇಲ್ಲದವರಿಗೆ ಮಾಡುವಂತಿಲ್ಲ.

ಸೋಂಕಿದೆ ಎಂದು ತಿಳಿದು ಕೆಲಸದಿಂದ ತೆಗೆದರು. ಕೇಳುವವರಿಲ್ಲವೇ?

ಇದ್ದಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ನಿರಾಕರಿಸಿ ತಾರತಮ್ಯ ಮಾಡುವುದು, ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದು, ವಿಷಯ ಬಯಲುಮಾಡುವುದು ಕಾನೂನಿಗೆ ವಿರುದ್ಧ. ದೂರು ಕೇಳಲು ರಾಜ್ಯ ಸರ್ಕಾರ ಓಂಬುಡ್ಸ್‌ಮನ್ ಎಂಬ ಅಧಿಕಾರಿಯನ್ನು ನೇಮಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಕೆಲಸದಿಂದ ತೆಗೆದ ಪತ್ರ, ಕಾರಣ ಹೇಳಿದ ಸಂದೇಶ, ದಿನಾಂಕ ಎಲ್ಲವನ್ನೂ ಜೋಪಾನ ಮಾಡಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಉಚಿತ ವಕೀಲರನ್ನು ಕೇಳಿ. ಒಬ್ಬರೇ ಹೋಗಲು ಅಳುಕಾದರೆ ನಿಮ್ಮ ಕೇಂದ್ರದ ಸಮಾಲೋಚಕರನ್ನು ಜೊತೆಗೆ ಕರೆಯಿರಿ.